ಬೇರೆ ಬೇರೆ ಪ್ಲಾಟ್‌ಫಾರ್ಮ್‌ಗಳಿಗೆ ಕಂಪೈಲರ್ ಬಿಲ್ಡ್: ಮೇಕ್‌ಫೈಲ್ ದೋಷ ನಿವಾರಣೆ ಕೈಪಿಡಿ

ಒಂದು ಯಂತ್ರದಲ್ಲಿ ಯಾವ ತಕರಾರೂ ಇಲ್ಲದೆ ಬಿಲ್ಡ್ ಆದ (ಸೋರ್ಸ್ ಕೋಡ್‌ನಿಂದ ತಯಾರಾದ) ಕಂಪೈಲರ್, ಸೋರ್ಸ್ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಇನ್ನೊಂದು ಯಂತ್ರದಲ್ಲಿ ನಡುದಾರಿಯಲ್ಲೇ ನಿಂತುಬಿಡುತ್ತದೆ. ಆಗ ಮೇಕ್‌ಫೈಲ್ (ಬಿಲ್ಡ್‌ನ ನಿಯಮಗಳನ್ನು ಬರೆದಿಟ್ಟ ಫೈಲ್) ತೆರೆದು, ಅನುಮಾನ ಬಂದ ಸಾಲಿಗೆ ಒಂದು ಆಯ್ಕೆ ಸೇರಿಸಿ, ಮತ್ತೆ ಬಿಲ್ಡ್ ಹಚ್ಚಿ ಕಾಯುವ ಅಭ್ಯಾಸ ಹಲವರಲ್ಲಿದೆ. ಕಂಪೈಲರ್‌ನಂಥ ದೊಡ್ಡ ಬಿಲ್ಡ್‌ನಲ್ಲಿ ಹೀಗೆ ಮಾಡಿದರೆ ಸಮಯ ಹೋಗುತ್ತದೆ, ಜೊತೆಗೆ ಮೂಲ ದೋಷದ ಮೇಲೆ ಎರಡನೆಯ ದೋಷವೊಂದು ಬಂದು ಕೂರುತ್ತದೆ. ಯಾವುದೇ ಮೌಲ್ಯವನ್ನು ಬದಲಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಈ ವೇರಿಯಬಲ್‌ಗೆ ಈ ಮೌಲ್ಯ ಎಲ್ಲಿಂದ ಬಂತು? ಅದು ಯಾವ ಯಂತ್ರವನ್ನು ಕುರಿತದ್ದು? ಪ್ಲಾಟ್‌ಫಾರ್ಮ್ ಬದಲಾದಾಗ ಕಾಣಿಸಿಕೊಳ್ಳುವ ದೋಷಗಳಲ್ಲಿ ದೊಡ್ಡ ಪಾಲು ಈ ಎರಡು ಪ್ರಶ್ನೆಗಳ ಒಳಗೇ ಇರುತ್ತದೆ. ಈ ಕೈಪಿಡಿಯಲ್ಲಿ ಮೇಕ್‌ಫೈಲ್ ಓದಿ ಬಿಲ್ಡ್ ನಡೆಸುವ ಗ್ನೂ ಮೇಕ್ ಮತ್ತು ಗ್ನೂ ಯೋಜನೆಯ ಕಂಪೈಲರ್ ಆದ ಜಿಸಿಸಿ ಮುಖ್ಯ ಉದಾಹರಣೆಗಳಾಗಿ ಬರುತ್ತವೆ. ಸ್ವಂತವಾಗಿ ಬರೆದ ಚಿಕ್ಕ ಕಂಪೈಲರ್‌ಗೂ ಇಲ್ಲಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಮೊದಲ ದೋಷ ಎಲ್ಲಿದೆ?

ಪರದೆಯ ಕೊನೆಯಲ್ಲಿ ಕಾಣುವ ‘ಎರರ್ 2’ ಎಂಬ ಸಾಲು ದೋಷವಲ್ಲ. ಒಳಗಿನ ಡೈರೆಕ್ಟರಿಯಲ್ಲಿ ನಡೆದ ಮೇಕ್ ವಿಫಲವಾಯಿತು ಎಂದು ಹೊರಗಿನ ಮೇಕ್ ಮಾಡುವ ವರದಿ ಅದು. ಡೈರೆಕ್ಟರಿಗಳು ನಾಲ್ಕು ಹಂತ ಆಳವಾಗಿದ್ದರೆ ಅಂಥ ನಾಲ್ಕು ವರದಿಗಳು ಒಂದರ ಕೆಳಗೊಂದು ಬರುತ್ತವೆ. ಅನೇಕ ಕೆಲಸಗಳನ್ನು ಒಟ್ಟಿಗೆ ನಡೆಸುವ ‘-ಜೆ’ ಆಯ್ಕೆಯನ್ನು ಕೊಟ್ಟಿದ್ದರಂತೂ ನಿಜವಾದ ದೋಷಸಂದೇಶ ನೂರಾರು ಸಾಲುಗಳಷ್ಟು ಮೇಲೆ, ಬೇರೆ ಕೆಲಸಗಳ ಸಂದೇಶಗಳ ನಡುವೆ ಹೂತುಹೋಗಿರುತ್ತದೆ. ಆದ್ದರಿಂದ ಮೊದಲು ‘-ಜೆ1’ ಕೊಟ್ಟು ಮತ್ತೊಮ್ಮೆ ನಡೆಸಿ, ಸಂದೇಶಗಳೆಲ್ಲವನ್ನೂ ಒಂದು ಫೈಲ್‌ಗೆ ಬರೆಸಿಕೊಂಡು, ಅದರಲ್ಲಿ ಕಾಣುವ ಮೊಟ್ಟಮೊದಲ ದೋಷವನ್ನು ಹುಡುಕಬೇಕು. ಆಜ್ಞೆಗಳನ್ನು ಪೂರ್ತಿ ತೋರಿಸದೆ ಬರೀ ‘ಸಿಸಿ’ ಎಂದು ಮುದ್ರಿಸುವ ಮೇಕ್‌ಫೈಲ್‌ಗಳಲ್ಲಿ ‘ವಿ=1’ ಎಂದು ಕೊಟ್ಟರೆ ಸಾಮಾನ್ಯವಾಗಿ ಇಡೀ ಆಜ್ಞೆ ಕಾಣುತ್ತದೆ. ಆ ಆಜ್ಞೆಯನ್ನು ಹಾಗೇ ನಕಲು ಮಾಡಿ, ಅದೇ ಡೈರೆಕ್ಟರಿಯಲ್ಲಿ ಕೈಯಾರೆ ನಡೆಸಿ ನೋಡಿ. ಅಲ್ಲೂ ಅದು ಸೋತರೆ ತಪ್ಪು ಆಜ್ಞೆಯಲ್ಲಿದೆ; ಅಲ್ಲಿ ಗೆದ್ದು ಮೇಕ್ ಮೂಲಕ ಮಾತ್ರ ಸೋತರೆ, ಮೇಕ್ ಕೊಡುವ ಎನ್ವಿರಾನ್ಮೆಂಟ್‌ನಲ್ಲೋ (ಆಜ್ಞೆಗೆ ಹೊರಗಿನಿಂದ ಸಿಗುವ ವೇರಿಯಬಲ್‌ಗಳಲ್ಲೋ) ಕೆಲಸಗಳ ಅನುಕ್ರಮದಲ್ಲೋ ತಪ್ಪಿದೆ.

ಯಂತ್ರವನ್ನು ಪರೀಕ್ಷಿಸಿ ಮೇಕ್‌ಫೈಲ್ ಹುಟ್ಟಿಸುವ ಕಾನ್ಫಿಗರ್ ಹಂತದಲ್ಲೇ ನಿಂತರೆ ‘ಕಾನ್ಫಿಗ್ ಡಾಟ್ ಲಾಗ್’ ಫೈಲನ್ನು ಓದಬೇಕು. ಇಲ್ಲಿ ಒಂದು ಎಚ್ಚರ ಅಗತ್ಯ: ಜಿಸಿಸಿಯಂಥ ಯೋಜನೆಯಲ್ಲಿ ಪ್ರತಿ ಉಪಡೈರೆಕ್ಟರಿಗೂ ಅದರದೇ ಲಾಗ್ ಇರುತ್ತದೆ. ಮೇಲಿನ ಡೈರೆಕ್ಟರಿಯ ಲಾಗ್ ಓದಿ ‘ಇಲ್ಲಿ ಏನೂ ಇಲ್ಲವಲ್ಲ’ ಎಂದು ಕೈಬಿಟ್ಟವರನ್ನು ನಾನು ಹಲವು ಸಲ ಕಂಡಿದ್ದೇನೆ. ದೋಷ ಬಂದ ಉಪಡೈರೆಕ್ಟರಿಯ ಲಾಗನ್ನೇ ತೆರೆಯಬೇಕು.

ಮೂರು ಯಂತ್ರಗಳು, ಮೂರು ಹೆಸರುಗಳು

ಸಾಧಾರಣ ಪ್ರೋಗ್ರಾಂ ಒಂದನ್ನು ಬಿಲ್ಡ್ ಮಾಡುವಾಗ ಎರಡು ಯಂತ್ರಗಳ ಲೆಕ್ಕವಿದ್ದರೆ ಸಾಕು: ಬಿಲ್ಡ್ ನಡೆಯುವ ಯಂತ್ರ ಮತ್ತು ಪ್ರೋಗ್ರಾಂ ಓಡುವ ಯಂತ್ರ. ಕಂಪೈಲರ್ ತಾನೇ ಇನ್ನೊಂದು ಯಂತ್ರಕ್ಕೆ ಕೋಡ್ ಹುಟ್ಟಿಸುವುದರಿಂದ ಮೂರನೆಯದೂ ಸೇರಿಕೊಳ್ಳುತ್ತದೆ. ಬಿಲ್ಡ್ ಎಂದರೆ ಈಗ ನಾವು ಕೂತಿರುವ ಯಂತ್ರ; ಹೋಸ್ಟ್ ಎಂದರೆ ಸಿದ್ಧವಾದ ಕಂಪೈಲರ್ ಓಡಬೇಕಾದ ಯಂತ್ರ; ಟಾರ್ಗೆಟ್ ಎಂದರೆ ಆ ಕಂಪೈಲರ್ ಯಾವುದಕ್ಕೆ ಕೋಡ್ ಬರೆಯುತ್ತದೋ ಆ ಯಂತ್ರ. ಲಿನಕ್ಸ್ ಯಂತ್ರದಲ್ಲಿ ಕೂತು, ವಿಂಡೋಸ್‌ನಲ್ಲಿ ಓಡುವ, ಆರ್ಮ್ ಪ್ರೊಸೆಸರ್‌ಗೆ ಕೋಡ್ ಕೊಡುವ ಕಂಪೈಲರ್ ಬಿಲ್ಡ್ ಮಾಡಿದರೆ ಮೂರೂ ಬೇರೆಬೇರೆಯಾಗುತ್ತವೆ. ಇದಕ್ಕೆ ‘ಕೆನೇಡಿಯನ್ ಕ್ರಾಸ್’ ಎಂಬ ಹೆಸರಿದೆ. ಮೇಕ್‌ನ ಭಾಷೆಯಲ್ಲೂ ‘ಟಾರ್ಗೆಟ್’ ಎಂಬ ಪದವಿದ್ದು, ಅಲ್ಲಿ ಅದರ ಅರ್ಥ ತಯಾರಾಗಬೇಕಾದ ಫೈಲ್ ಎಂದಷ್ಟೇ. ಎರಡನ್ನೂ ಒಂದೇ ಉಸಿರಿನಲ್ಲಿ ಬಳಸಿ ಗೊಂದಲ ಮಾಡಿಕೊಳ್ಳುವುದು ಸುಲಭವಾದ್ದರಿಂದ, ಈ ಬರಹದಲ್ಲಿ ಟಾರ್ಗೆಟ್ ಎಂದಾಗಲೆಲ್ಲ ಯಂತ್ರವೆಂದೇ ತಿಳಿಯಬೇಕು.

ಈ ವಿಂಗಡಣೆ ಮುರಿದಾಗ ಬರುವ ಅತ್ಯಂತ ಸ್ಪಷ್ಟ ಲಕ್ಷಣ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’, ಅಂದರೆ ಈ ಪ್ರೋಗ್ರಾಂ ಈ ಯಂತ್ರದಲ್ಲಿ ಓಡದು ಎಂಬ ಸಂದೇಶ. ಕಂಪೈಲರ್‌ನ ಸೋರ್ಸ್ ಕೋಡ್‌ನ ಒಂದು ಭಾಗ ಕೈಯಿಂದ ಬರೆದದ್ದಲ್ಲ. ಬಿಲ್ಡ್ ನಡೆಯುವಾಗಲೇ ಚಿಕ್ಕ ಪ್ರೋಗ್ರಾಂಗಳು ಅದನ್ನು ಹುಟ್ಟಿಸುತ್ತವೆ. ಜಿಸಿಸಿಯಲ್ಲಿ ‘ಜೆನ್’ ಎಂದು ಆರಂಭವಾಗುವ ಹೆಸರಿನ ಪ್ರೋಗ್ರಾಂಗಳೂ ಎಲ್‌ಎಲ್‌ವಿಎಂ ಎಂಬ ಇನ್ನೊಂದು ಕಂಪೈಲರ್ ಯೋಜನೆಯಲ್ಲಿ ಟೇಬಲ್‌ಜೆನ್ ಕೂಡ ಈ ಕೆಲಸಕ್ಕೇ ಇವೆ. ಇವು ಈಗಲೇ, ಇಲ್ಲೇ ಓಡಬೇಕಾದ್ದರಿಂದ ಬಿಲ್ಡ್ ಯಂತ್ರದ ಕಂಪೈಲರ್‌ನಿಂದಲೇ ತಯಾರಾಗಬೇಕು. ಸ್ವಂತ ಮೇಕ್‌ಫೈಲ್‌ನಲ್ಲಿ ಕಂಪೈಲರ್‌ನ ಹೆಸರು ಹೇಳುವ ‘ಸಿಸಿ’ ಎಂಬ ಒಂದೇ ವೇರಿಯಬಲ್ ಇಟ್ಟುಕೊಂಡು ಎಲ್ಲ ಫೈಲ್‌ಗಳಿಗೂ ಅದನ್ನೇ ಬಳಸಿದ್ದರೆ, ಕ್ರಾಸ್ ಕಂಪೈಲರ್ (ಬೇರೆ ಯಂತ್ರಕ್ಕೆ ಕೋಡ್ ಬರೆಯುವ ಕಂಪೈಲರ್) ಕೊಟ್ಟ ತಕ್ಷಣ ಈ ಸಹಾಯಕ ಪ್ರೋಗ್ರಾಂಗಳೂ ಆರ್ಮ್‌ಗೆ ತಯಾರಾಗಿ, ಇಲ್ಲಿ ಓಡಲು ನಿರಾಕರಿಸುತ್ತವೆ. ‘ಫೈಲ್’ ಆಜ್ಞೆಯನ್ನು ಆ ಪ್ರೋಗ್ರಾಂ ಮೇಲೆ ನಡೆಸಿದರೆ ಅದು ಯಾವ ಪ್ರೊಸೆಸರ್‌ಗೆ ಸೇರಿದ್ದು ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಪರಿಹಾರವೆಂದರೆ ‘ಸಿಸಿ ಫಾರ್ ಬಿಲ್ಡ್’ ಎಂಬ ಪ್ರತ್ಯೇಕ ವೇರಿಯಬಲ್ ಇಡುವುದು, ಅದಕ್ಕೆ ಪ್ರತ್ಯೇಕ ಸಿಫ್ಲ್ಯಾಗ್ಸ್ (ಕಂಪೈಲರ್ ಆಯ್ಕೆಗಳ ವೇರಿಯಬಲ್) ಕೊಡುವುದು, ಸಹಾಯಕ ಪ್ರೋಗ್ರಾಂಗಳ ಆಬ್ಜೆಕ್ಟ್ ಫೈಲ್‌ಗಳನ್ನು (ಒಂದೊಂದು ಸೋರ್ಸ್ ಫೈಲ್ ಕಂಪೈಲ್ ಆಗಿ ಬಂದ ತುಣುಕುಗಳನ್ನು) ಬೇರೆ ಡೈರೆಕ್ಟರಿಯಲ್ಲಿ ಇಡುವುದು. ಎರಡು ಕಡೆಯೂ ಬೇಕಾದ ಸೋರ್ಸ್ ಫೈಲ್ ಇದ್ದರೆ ಅದನ್ನು ಎರಡು ಸಲ ಕಂಪೈಲ್ ಮಾಡಲೇಬೇಕು. ಉಳಿತಾಯ ಮಾಡಲು ಹೋದರೆ ತುಣುಕುಗಳನ್ನು ಜೋಡಿಸುವ ಲಿಂಕ್ ಹಂತದಲ್ಲಿ ಪೆಟ್ಟು ಬೀಳುತ್ತದೆ.

ಈ ಲಕ್ಷಣ ಮರೆಯಾಗಿಬಿಡುವ ಸಂದರ್ಭವೂ ಒಂದಿದೆ. ಲಿನಕ್ಸ್‌ನಲ್ಲಿ ಬೇರೆ ಪ್ರೊಸೆಸರ್ ಅನ್ನು ಅನುಕರಿಸುವ ಕ್ಯೂಇಎಂಯು ಮತ್ತು ಅಂಥ ಪ್ರೋಗ್ರಾಂಗಳನ್ನು ತಾನಾಗಿ ಅದಕ್ಕೆ ಒಪ್ಪಿಸುವ ಬಿನ್‌ಎಫ್‌ಎಂಟಿ ಸೌಲಭ್ಯ ಚಾಲ್ತಿಯಲ್ಲಿದ್ದರೆ, ಬೇರೆ ಪ್ರೊಸೆಸರ್‌ನ ಪ್ರೋಗ್ರಾಂ ಕೂಡ ನಿಧಾನವಾಗಿ ಓಡಿಬಿಡುತ್ತದೆ. ಬಿಲ್ಡ್ ಮುಗಿಯುತ್ತದೆ, ದೋಷ ಉಳಿಯುತ್ತದೆ. ಇಂಥ ಮೇಕ್‌ಫೈಲ್ ನನ್ನ ಯಂತ್ರದಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆದು, ಆ ಸೌಲಭ್ಯವಿಲ್ಲದ ಸರ್ವರ್‌ನಲ್ಲಿ ಮೊದಲ ದಿನವೇ ನಿಂತಿತು. ಬಿಲ್ಡ್ ಕಾರಣವಿಲ್ಲದೆ ಹಲವು ಪಟ್ಟು ನಿಧಾನವಾಗಿದ್ದರೆ ಇದನ್ನು ಒಮ್ಮೆ ಪರೀಕ್ಷಿಸಬೇಕು.

ಇದರ ಇನ್ನೊಂದು ಮುಖ ‘ಯುನೇಮ್’ ಆಜ್ಞೆ. ಮೇಕ್‌ಫೈಲ್‌ನ ತಲೆಯಲ್ಲೇ ಯುನೇಮ್ ನಡೆಸಿ, ಬಂದ ಉತ್ತರದ ಮೇಲೆ ಆಯ್ಕೆಗಳನ್ನು ಕವಲೊಡೆಸುವುದು ಬಹಳ ಸಾಮಾನ್ಯ. ಯುನೇಮ್ ಹೇಳುವುದು ಬಿಲ್ಡ್ ಯಂತ್ರದ ವಿಷಯವನ್ನು ಮಾತ್ರ. ಹೋಸ್ಟ್, ಟಾರ್ಗೆಟ್‌ಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಸಾಲದೆಂಬಂತೆ ಒಂದೇ 64 ಬಿಟ್ ಆರ್ಮ್ ಪ್ರೊಸೆಸರ್ ಅನ್ನು ಲಿನಕ್ಸ್ ‘ಎಆರ್ಚ್64’ ಎಂದೂ ಮ್ಯಾಕ್ ‘ಆರ್ಮ್64’ ಎಂದೂ ಕರೆಯುತ್ತವೆ. ಲಿನಕ್ಸ್‌ನ ‘ಎಕ್ಸ್86_64’ ಫ್ರೀಬಿಎಸ್‌ಡಿಯಲ್ಲಿ ‘ಎಎಂಡಿ64’ ಆಗುತ್ತದೆ. ಕವಲೊಡೆಸಲೇಬೇಕಾದರೆ, ಬಳಕೆಯಲ್ಲಿರುವ ಕಂಪೈಲರನ್ನೇ ‘-ಡಂಪ್‌ಮಷೀನ್’ ಆಯ್ಕೆಯೊಂದಿಗೆ ಕೇಳುವುದು ಹೆಚ್ಚು ನಂಬಿಕೆಗೆ ಅರ್ಹ. ಜಿಸಿಸಿ ಮತ್ತು ಎಲ್‌ಎಲ್‌ವಿಎಂನ ಕಂಪೈಲರ್ ಆದ ಕ್ಲ್ಯಾಂಗ್ ಎರಡೂ ಇದಕ್ಕೆ ಉತ್ತರ ಕೊಡುತ್ತವೆ.

ಮೌಲ್ಯ ಬಂದ ದಾರಿ

ಗ್ನೂ ಮೇಕ್‌ನಲ್ಲಿ ಒಂದು ವೇರಿಯಬಲ್ ನಾಲ್ಕು ಮುಖ್ಯ ಕಡೆಗಳಿಂದ ಮೌಲ್ಯ ಪಡೆಯಬಹುದು: ಮೇಕ್ ತನ್ನೊಳಗೇ ಇಟ್ಟುಕೊಂಡಿರುವ ಪೂರ್ವನಿಗದಿ, ಎನ್ವಿರಾನ್ಮೆಂಟ್, ಮೇಕ್‌ಫೈಲ್, ಕಮಾಂಡ್ ಲೈನ್. ಹೇಳಿದ ಕ್ರಮದಲ್ಲೇ ಒಂದಕ್ಕಿಂತ ಮುಂದಿನದು ಬಲಶಾಲಿ. ‘ಆರಿಜಿನ್’ ಎಂಬ ಫಂಕ್ಷನ್‌ಗೆ ವೇರಿಯಬಲ್ ಹೆಸರು ಕೊಟ್ಟು, ಉತ್ತರವನ್ನು ‘ಇನ್ಫೋ’ ಮೂಲಕ ಮುದ್ರಿಸಿದರೆ ಮೌಲ್ಯ ಎಲ್ಲಿಂದ ಬಂತೆಂಬುದು ನಿಸ್ಸಂದೇಹವಾಗಿ ತಿಳಿಯುತ್ತದೆ. ಊಹೆಯಲ್ಲಿ ಒಂದು ಮಧ್ಯಾಹ್ನ ಕಳೆಯುವ ಬದಲು ಈ ಒಂದು ಸಾಲು ಬರೆಯುವುದು ಮೇಲು.

ಪದೇ ಪದೇ ಕಾಣುವ ತಪ್ಪೊಂದು ಹೀಗಿದೆ. ಬಳಕೆದಾರ ಏನೂ ಕೊಡದಿದ್ದರೆ ಜಿಸಿಸಿ ಬಳಸಲಿ ಎಂಬ ಉದ್ದೇಶದಿಂದ ‘ಸಿಸಿ ?= ಜಿಸಿಸಿ’ ಎಂದು ಬರೆಯುತ್ತಾರೆ. ‘?=’ ಚಿಹ್ನೆ ಕೆಲಸ ಮಾಡುವುದು ವೇರಿಯಬಲ್ ಸಂಪೂರ್ಣ ಅಪರಿಚಿತವಾಗಿದ್ದಾಗ ಮಾತ್ರ. ಸಿಸಿಗೆ ಮೇಕ್ ಮೊದಲೇ ಪೂರ್ವನಿಗದಿ ಮೌಲ್ಯ ಕೊಟ್ಟಿರುವುದರಿಂದ ಈ ಸಾಲು ಎಂದೂ ಜಾರಿಗೆ ಬರುವುದಿಲ್ಲ. ವ್ಯವಸ್ಥೆಯ ‘ಸಿಸಿ’ ಆಜ್ಞೆಯೇ ಬಳಕೆಯಾಗುತ್ತದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಆ ಆಜ್ಞೆ ಜಿಸಿಸಿಯೇ ಆಗಿರುವುದರಿಂದ ತಪ್ಪು ಹೊರಗೆ ಬರುವುದಿಲ್ಲ. ಅದೇ ಮ್ಯಾಕ್ ಅಥವಾ ಫ್ರೀಬಿಎಸ್‌ಡಿಯಲ್ಲಿ ಅದು ಕ್ಲ್ಯಾಂಗ್. ಅಲ್ಲಿ ಜಿಸಿಸಿಗೆ ಮಾತ್ರ ಗೊತ್ತಿರುವ ಆಯ್ಕೆ ಬಂದೊಡನೆ ಬಿಲ್ಡ್ ನಿಲ್ಲುತ್ತದೆ. ಆರಿಜಿನ್‌ನ ಉತ್ತರ ‘ಡಿಫಾಲ್ಟ್’ ಎಂದಿದ್ದರೆ ಮಾತ್ರ ಜಿಸಿಸಿ ಎಂದು ನಿಗದಿಪಡಿಸುವ ಷರತ್ತು ಬರೆಯುವುದು ಸರಿಯಾದ ದಾರಿ.

ಎರಡನೆಯ ತಪ್ಪು ಕಮಾಂಡ್ ಲೈನ್‌ನದು. ಮೇಕ್ ಆಜ್ಞೆಯ ಮುಂದೆ ಸಿಫ್ಲ್ಯಾಗ್ಸ್ ಕೊಟ್ಟರೆ, ಮೇಕ್‌ಫೈಲ್ ಒಳಗೆ ಅದೇ ವೇರಿಯಬಲ್‌ಗೆ ಬರೆದ ಎಲ್ಲ ಸಾಲುಗಳೂ, ‘+=’ ಮೂಲಕ ಸೇರಿಸಿದವೂ ಸೇರಿದಂತೆ, ನಿಷ್ಫಲವಾಗುತ್ತವೆ. ಹೆಡರ್ ಫೈಲ್‌ಗಳ ದಾರಿ ತೋರಿಸುವ ಆಯ್ಕೆಗಳನ್ನು ಮೇಕ್‌ಫೈಲ್‌ನವರು ಸಿಫ್ಲ್ಯಾಗ್ಸ್‌ಗೇ ಸೇರಿಸಿದ್ದರೆ, ಬಳಕೆದಾರ ಕೇವಲ ಆಪ್ಟಿಮೈಸೇಶನ್ ಮಟ್ಟ ಬದಲಿಸಿದಾಗಲೂ ‘ಹೆಡರ್ ಸಿಗಲಿಲ್ಲ’ ಎಂಬ ಸಂಬಂಧವೇ ಇಲ್ಲದಂತೆ ಕಾಣುವ ದೋಷ ಬರುತ್ತದೆ. ಅದೇ ಮೌಲ್ಯವನ್ನು ಎನ್ವಿರಾನ್ಮೆಂಟ್ ಮೂಲಕ ಕೊಟ್ಟರೆ ‘+=’ ಸಾಲುಗಳು ಸರಿಯಾಗಿ ಸೇರಿಕೊಳ್ಳುತ್ತವೆ. ಇದಕ್ಕೆ ‘ಓವರ್‌ರೈಡ್’ ಎಂಬ ಪದ ಹಚ್ಚಿ ತೇಪೆ ಹಾಕಬಹುದು, ಆದರೆ ನನ್ನ ಅಭಿಪ್ರಾಯದಲ್ಲಿ ಅದು ಒಳ್ಳೆಯ ಪರಿಹಾರವಲ್ಲ. ಸಿಫ್ಲ್ಯಾಗ್ಸ್ ಬಳಕೆದಾರನ ಸ್ವತ್ತು. ಯೋಜನೆಗೆ ಇಲ್ಲದಿದ್ದರೆ ನಡೆಯದ ಆಯ್ಕೆಗಳು ಬೇರೆ ಹೆಸರಿನ ವೇರಿಯಬಲ್‌ನಲ್ಲಿರಬೇಕು.

ಕಮಾಂಡ್ ಲೈನ್‌ನ ಈ ಬಲ ಒಳಗಿನ ಮೇಕ್‌ಗಳಿಗೂ ಹರಿಯುತ್ತದೆ. ಮೇಲ್ಮಟ್ಟದಲ್ಲಿ ಸಿಸಿಗೆ ಕ್ರಾಸ್ ಕಂಪೈಲರ್ ಹೆಸರು ಕೊಟ್ಟರೆ ಅದು ಪ್ರತಿ ಉಪಡೈರೆಕ್ಟರಿಯನ್ನೂ, ಬಿಲ್ಡ್ ಯಂತ್ರಕ್ಕೆಂದೇ ಇರುವ ಡೈರೆಕ್ಟರಿಯನ್ನೂ ತಲುಪಿ ಮೇಲೆ ಹೇಳಿದ ಎಕ್ಸೆಕ್ ಫಾರ್ಮ್ಯಾಟ್ ದೋಷಕ್ಕೆ ದಾರಿ ಮಾಡುತ್ತದೆ. ಜಿಸಿಸಿಯಲ್ಲಿ ಇಂಥ ಮೌಲ್ಯಗಳನ್ನು ಮೇಕ್‌ಗೆ ಕೊಡುವ ಬದಲು ಕಾನ್ಫಿಗರ್ ಹಂತದಲ್ಲೇ ಕೊಡುವುದು ಸುರಕ್ಷಿತ. ಟಾರ್ಗೆಟ್ ಲೈಬ್ರರಿಗಳಿಗೆ ಬೇಕಾದ ಆಯ್ಕೆಗಳಿಗೆ ‘ಸಿಫ್ಲ್ಯಾಗ್ಸ್ ಫಾರ್ ಟಾರ್ಗೆಟ್’ ಎಂಬ ವೇರಿಯಬಲ್ ಪ್ರತ್ಯೇಕವಾಗಿಯೇ ಇದೆ. ‘-ಮಾರ್ಚ್=ನೇಟಿವ್’ ಅನ್ನಂತೂ ಬೇರೆಯವರ ಯಂತ್ರಕ್ಕೆ ಹೋಗುವ ಯಾವ ಬಿಲ್ಡ್‌ನಲ್ಲೂ ಬಿಡಬಾರದು; ಬಿಲ್ಡ್ ಸಲೀಸಾಗಿ ಮುಗಿದು, ಹಳೆಯ ಪ್ರೊಸೆಸರ್ ಇರುವ ಯಂತ್ರದಲ್ಲಿ ಕಂಪೈಲರ್ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ.

ಮೇಕ್ ಎಂದರೆ ಯಾವ ಮೇಕ್?

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್‌ಗೆ ಇಂದು ಹಲವು ಸಂತತಿಗಳಿವೆ. ಫ್ರೀಬಿಎಸ್‌ಡಿಯಲ್ಲಿ ‘ಮೇಕ್’ ಎಂದರೆ ಬಿಎಸ್‌ಡಿ ಮೇಕ್. ಗ್ನೂ ಮೇಕ್ ಬೇಕಾದರೆ ‘ಜಿಮೇಕ್’ ಎನ್ನಬೇಕು. ಷರತ್ತು ಬರೆಯುವ ವಿಧಾನವೇ ಎರಡರಲ್ಲೂ ಬೇರೆಯಾದ್ದರಿಂದ ಮೇಕ್‌ಫೈಲ್‌ನ ಮೊದಲ ಷರತ್ತಿನಲ್ಲೇ ದೋಷ ಬರುತ್ತದೆ. ಮ್ಯಾಕ್‌ನೊಂದಿಗೆ ಬರುವುದು ಗ್ನೂ ಮೇಕ್ 3.81, ಅದು 2006ರದು. 3.82ರಲ್ಲಿ ಬಂದ, ಆಜ್ಞೆಯ ಸಾಲಿನ ಆರಂಭದ ಟ್ಯಾಬ್ ಬದಲಿಸುವ ‘ರೆಸಿಪಿ ಪ್ರಿಫಿಕ್ಸ್’ ಆಗಲಿ, 4.0ರಲ್ಲಿ ಬಂದ, ಯಾವ ನಿಯಮ ಏಕೆ ನಡೆಯಿತೆಂದು ತೋರಿಸುವ ‘--ಟ್ರೇಸ್’ ಆಗಲಿ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಪ್ಲಾಟ್‌ಫಾರ್ಮ್ ಬದಲಾದಾಗ ‘ಮೇಕ್ --ವರ್ಷನ್’ ನಡೆಸಿ ನೋಡುವುದು ಮೊದಲ ಕೆಲಸಗಳಲ್ಲೊಂದಾಗಬೇಕು. ಒಳಗಿನ ಡೈರೆಕ್ಟರಿಗಳಿಗೆ ಹೋಗುವ ನಿಯಮಗಳಲ್ಲಿ ಬರೀ ‘ಮೇಕ್’ ಎಂದು ಬರೆಯದೆ ‘$(MAKE)’ ಎಂಬ ವೇರಿಯಬಲ್ ಬಳಸಬೇಕೆನ್ನುವುದಕ್ಕೂ ಇದೇ ಕಾರಣ: ಹೊರಗೆ ಜಿಮೇಕ್, ಒಳಗೆ ಬಿಎಸ್‌ಡಿ ಮೇಕ್ ಆಗಿಬಿಡುವುದು ಇದರಿಂದ ತಪ್ಪುತ್ತದೆ.

‘ಮಿಸ್ಸಿಂಗ್ ಸೆಪರೇಟರ್’ ಎಂಬ ಸಂದೇಶ ಬಂದರೆ ಆಜ್ಞೆಯ ಸಾಲಿನ ಆರಂಭದಲ್ಲಿ ಟ್ಯಾಬ್ ಬದಲು ಖಾಲಿ ಸ್ಥಳಗಳು ಬಂದಿವೆಯೇ ಎಂದು ನೋಡಿ.

ಆಜ್ಞೆಗಳನ್ನು ನಡೆಸುವ ಶೆಲ್‌ನ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಗ್ನೂ ಮೇಕ್ ‘ಶೆಲ್’ ವೇರಿಯಬಲ್ ಅನ್ನು ಎನ್ವಿರಾನ್ಮೆಂಟ್‌ನಿಂದ ತೆಗೆದುಕೊಳ್ಳುವುದಿಲ್ಲ. ಬೇರೆ ಹೇಳದಿದ್ದರೆ ವ್ಯವಸ್ಥೆಯ ‘ಎಸ್‌ಎಚ್’ ಶೆಲ್ಲನ್ನೇ ಬಳಸುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದು ಡ್ಯಾಶ್ ಆಗಿರುವುದರಿಂದ, ಬ್ಯಾಶ್‌ನ ವಿಶೇಷ ರಚನೆಗಳು ಅಲ್ಲಿ ಮುರಿಯುತ್ತವೆ. ಫೈಲನ್ನು ಸ್ಥಳದಲ್ಲೇ ತಿದ್ದುವ ‘ಸೆಡ್ -ಐ’ ಕೂಡ ಗ್ನೂ ಮತ್ತು ಬಿಎಸ್‌ಡಿ ರೂಪಗಳಲ್ಲಿ ಬೇರೆಯಾಗಿ ನಡೆದುಕೊಳ್ಳುತ್ತದೆ. ಮೇಕ್‌ಫೈಲ್‌ನಲ್ಲಿ ಅದನ್ನು ಬಳಸದೆ ಹೊಸ ಫೈಲ್‌ಗೆ ಬರೆದು ಹೆಸರು ಬದಲಿಸುವುದು ಎಲ್ಲೆಡೆ ನಡೆಯುತ್ತದೆ.

ಲಿಂಕ್ ಹಂತದ ತೊಡಕುಗಳು

‘ಅನ್‌ಡಿಫೈನ್ಡ್ ರೆಫರೆನ್ಸ್’ (ಬಳಸಿದ ಹೆಸರಿನ ಕೋಡ್ ಸಿಗಲಿಲ್ಲ) ಬಂದಾಗ ಲೈಬ್ರರಿಯೇ ಇಲ್ಲವೆಂದು ತೀರ್ಮಾನಿಸುವ ಮೊದಲು ಆಜ್ಞೆಯಲ್ಲಿ ಅದರ ಸ್ಥಾನ ನೋಡಬೇಕು. ಸ್ಟ್ಯಾಟಿಕ್ ಲೈಬ್ರರಿಗಳು ಅವನ್ನು ಬಳಸುವ ಆಬ್ಜೆಕ್ಟ್ ಫೈಲ್‌ಗಳ ನಂತರ ಬರಬೇಕು. ಮೇಕ್‌ನ ಪೂರ್ವನಿಗದಿ ನಿಯಮದಲ್ಲಿ ಎಲ್‌ಡಿಫ್ಲ್ಯಾಗ್ಸ್ ಆಬ್ಜೆಕ್ಟ್‌ಗಳಿಗಿಂತ ಮುಂಚೆಯೂ ಎಲ್‌ಡಿಲಿಬ್ಸ್ ನಂತರವೂ ಬರುತ್ತವೆ. ಲೈಬ್ರರಿಗಳನ್ನು ಮೊದಲನೆಯದರಲ್ಲಿ ಇಟ್ಟ ಮೇಕ್‌ಫೈಲ್ ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುತ್ತದೆ. ಪ್ರೋಗ್ರಾಂ ಓಡುವಾಗ ಬೇರೆ ಲೈಬ್ರರಿಗಳನ್ನು ತೆರೆಯಲು ನೆರವಾಗುವ ಲೈಬ್ರರಿಯನ್ನು ಸೇರಿಸುವ ‘-ಎಲ್‌ಡಿಎಲ್’ ಅಂಥದೇ ಇನ್ನೊಂದು: 2021ರಲ್ಲಿ ಬಂದ ಜಿಲಿಬ್‌ಸಿ (ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿ) 2.34ರಿಂದ ಆ ಲೈಬ್ರರಿಯ ಕೆಲಸ ಮುಖ್ಯ ಲೈಬ್ರರಿಯೊಳಗೇ ಸೇರಿಹೋಗಿದೆ. ಹೊಸ ಲಿನಕ್ಸ್‌ನಲ್ಲಿ ಅದನ್ನು ಮರೆತರೂ ಲಿಂಕ್ ಆಗುತ್ತದೆ, ಹಳೆಯದರಲ್ಲಿ ಆಗುವುದಿಲ್ಲ.

ಕ್ರಾಸ್ ಬಿಲ್ಡ್‌ನಲ್ಲಿ ಸಿಸಿಯನ್ನು ಬದಲಿಸಿ ಎಆರ್ (ಆಬ್ಜೆಕ್ಟ್‌ಗಳನ್ನು ಆರ್ಕೈವ್ ಆಗಿ ಕಟ್ಟುವ ಆಜ್ಞೆ) ಮತ್ತು ರಾನ್‌ಲಿಬ್‌ಗಳನ್ನು (ಆರ್ಕೈವ್‌ಗೆ ಸೂಚಿ ಮಾಡುವ ಆಜ್ಞೆ) ಮರೆಯುವುದು ತೀರ ಸಾಮಾನ್ಯ. ಲಿನಕ್ಸ್‌ನಿಂದ ಲಿನಕ್ಸ್‌ಗೆ ಹೋಗುವಾಗ ಈ ಮರೆವು ಅನೇಕ ಸಲ ನಡೆದುಹೋಗುತ್ತದೆ. ಮ್ಯಾಕ್‌ನಲ್ಲಿ ಕೂತು ಲಿನಕ್ಸ್‌ಗೆ ಬಿಲ್ಡ್ ಮಾಡಿದರೆ, ಮ್ಯಾಕ್‌ನ ಎಆರ್‌ಗೆ ಲಿನಕ್ಸ್ ಬಳಸುವ ಇಎಲ್‌ಎಫ್ ರೂಪದ ಆಬ್ಜೆಕ್ಟ್‌ಗಳು ಅರ್ಥವಾಗದೆ ಸೂಚಿಯಿಲ್ಲದ ಆರ್ಕೈವ್ ತಯಾರಾಗಿ, ಲಿಂಕರ್ ‘ಆರ್ಕೈವ್ ಹ್ಯಾಸ್ ನೋ ಇಂಡೆಕ್ಸ್’ ಎನ್ನುತ್ತದೆ. ಟಾರ್ಗೆಟ್‌ನ ಅಸೆಂಬ್ಲರ್ ಪಾತ್‌ನಲ್ಲಿ (ಆಜ್ಞೆಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ) ಸಿಗದೆ ಬಿಲ್ಡ್ ಯಂತ್ರದ ಅಸೆಂಬ್ಲರ್ ಕೈಗೆ ಆರ್ಮ್ ಕೋಡ್ ಹೋದಾಗಲೂ ಹೀಗೆಯೇ: ‘ನೋ ಸಚ್ ಇನ್‌ಸ್ಟ್ರಕ್ಷನ್’ ಎಂಬ ಸಾಲುಗಳ ಮಳೆ ಸುರಿಯುತ್ತದೆ. ಟಾರ್ಗೆಟ್‌ನ ಅಸೆಂಬ್ಲರ್, ಲಿಂಕರ್‌ಗಳ ಕಟ್ಟಾದ ಬಿನ್‌ಯುಟಿಲ್ಸ್ ಅನ್ನು ಜಿಸಿಸಿಗಿಂತ ಮೊದಲೇ ಸ್ಥಾಪಿಸಿ ಪಾತ್‌ಗೆ ಸೇರಿಸಿದ್ದರೆ ಈ ತೊಂದರೆ ಹುಟ್ಟುವುದಿಲ್ಲ.

‘ಫೈಲ್ ಇನ್ ರಾಂಗ್ ಫಾರ್ಮ್ಯಾಟ್’ ಎಂಬ ಸಂದೇಶಕ್ಕೆ ಹೆಚ್ಚಿನ ಸಲ ಕಾರಣ ಹಳೆಯ ಆಬ್ಜೆಕ್ಟ್ ಫೈಲ್‌ಗಳು. ಮೇಕ್ ನೋಡುವುದು ಫೈಲ್‌ಗಳ ಸಮಯಮುದ್ರೆಯನ್ನು ಮಾತ್ರ. ಸಿಸಿ ಬದಲಾಯಿತು, ಸಿಫ್ಲ್ಯಾಗ್ಸ್ ಬದಲಾಯಿತು ಎಂಬುದು ಅದರ ಗಮನಕ್ಕೇ ಬರುವುದಿಲ್ಲ. ನಿನ್ನೆಯ ಆಬ್ಜೆಕ್ಟ್ ಸೋರ್ಸ್‌ಗಿಂತ ಹೊಸದಾಗಿದ್ದರೆ ಅದನ್ನೇ ಬಳಸುತ್ತದೆ. ಪ್ರತಿ ಪ್ಲಾಟ್‌ಫಾರ್ಮ್‌ಗೂ ಬೇರೆ ಬಿಲ್ಡ್ ಡೈರೆಕ್ಟರಿ ಇಡುವುದೇ ಇದಕ್ಕೆ ಗಟ್ಟಿಯಾದ ಪರಿಹಾರ. ಜಿಸಿಸಿಯ ದಾಖಲೆಗಳೂ ಸೋರ್ಸ್ ಡೈರೆಕ್ಟರಿಯ ಹೊರಗೆ ಬಿಲ್ಡ್ ಮಾಡುವಂತೆ ಒತ್ತಿ ಹೇಳುತ್ತವೆ. ಕಾನ್ಫಿಗರ್ ಆಯ್ಕೆಗಳು ಬದಲಾದರೆ ಆ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಆರಂಭಿಸುವುದರಲ್ಲಿ ಹೋಗುವ ಸಮಯ ನಷ್ಟವೆಂದು ನಾನು ಎಣಿಸುವುದಿಲ್ಲ.

ಜಿಸಿಸಿಗೇ ವಿಶಿಷ್ಟವಾದ ಮೂರು ದೋಷಗಳು

ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯ ಡೈರೆಕ್ಟರಿಯಲ್ಲಿ ‘ಆಬ್ಜೆಕ್ಟ್ ಫೈಲ್‌ಗಳ ಸಫಿಕ್ಸ್ ಲೆಕ್ಕಹಾಕಲಾಗದು’ ಎಂಬರ್ಥದ ಸಂದೇಶ ಬರುತ್ತದೆ. ಸಫಿಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಆಗಷ್ಟೇ ತಯಾರಾದ ಕಂಪೈಲರ್ ಒಂದು ಪುಟ್ಟ ಪ್ರೋಗ್ರಾಂ ಅನ್ನೂ ಕಂಪೈಲ್ ಮಾಡಲಾರದೆ ಸೋತಿದೆ ಎಂಬುದಷ್ಟೇ ಅದರ ತಿರುಳು. ಆ ಡೈರೆಕ್ಟರಿಯ ಲಾಗ್ ತೆರೆದರೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳಲ್ಲೊಂದು ಓಡುವ ಸಮಯದಲ್ಲಿ ಸಿಗಲಿಲ್ಲವೆಂದೋ, ಅಸೆಂಬ್ಲರ್ ಸರಿಯಿಲ್ಲವೆಂದೋ ನಿಜವಾದ ಕಾರಣ ಕಾಣುತ್ತದೆ. ಈ ಮೂರು ಲೈಬ್ರರಿಗಳ ಸೋರ್ಸನ್ನು ಜಿಸಿಸಿ ಸೋರ್ಸ್‌ನೊಳಗೇ ತಂದಿಡುವ ಸ್ಕ್ರಿಪ್ಟ್ ಅದರ ‘ಕಾಂಟ್ರಿಬ್’ ಡೈರೆಕ್ಟರಿಯಲ್ಲಿದೆ. ಅದನ್ನು ಬಳಸಿದರೆ ಮೊದಲ ಕಾರಣ ಇಲ್ಲವಾಗುತ್ತದೆ.

‘ಲಿಂಕ್ ಟೆಸ್ಟ್ಸ್ ಆರ್ ನಾಟ್ ಅಲೌಡ್’ ಎಂದು ಆರಂಭವಾಗುವ ಎರಡನೆಯ ಸಂದೇಶ ಸಿ++ ಲೈಬ್ರರಿಯಂಥ ಟಾರ್ಗೆಟ್ ಲೈಬ್ರರಿಗಳ ಕಾನ್ಫಿಗರ್‌ನಲ್ಲಿ ಬರುತ್ತದೆ. ಟಾರ್ಗೆಟ್‌ನ ಸಿ ಲೈಬ್ರರಿ ಇನ್ನೂ ಸ್ಥಳದಲ್ಲಿಲ್ಲ, ಅಥವಾ ಸಿಸ್‌ರೂಟ್ (ಟಾರ್ಗೆಟ್‌ನ ಹೆಡರ್, ಲೈಬ್ರರಿಗಳಿರುವ ಡೈರೆಕ್ಟರಿ) ತಪ್ಪು ಜಾಗ ತೋರಿಸುತ್ತಿದೆ ಎಂದು ಇದರ ಅರ್ಥ. ಮೊದಲು ‘ಮೇಕ್ ಆಲ್-ಜಿಸಿಸಿ’, ನಂತರ ‘ಮೇಕ್ ಆಲ್-ಟಾರ್ಗೆಟ್-ಲಿಬ್‌ಜಿಸಿಸಿ’ ಮಾತ್ರ ನಡೆಸಿ, ಸಿ ಲೈಬ್ರರಿಯನ್ನು ಬಿಲ್ಡ್ ಮಾಡಿ ಸಿಸ್‌ರೂಟ್‌ನಲ್ಲಿಟ್ಟು, ಆಮೇಲೆ ಪೂರ್ಣ ಬಿಲ್ಡ್‌ಗೆ ಬರಬೇಕು.

ಮೂರನೆಯದು ‘ಬೂಟ್‌ಸ್ಟ್ರ್ಯಾಪ್ ಕಂಪ್ಯಾರಿಸನ್ ಫೇಲ್ಯೂರ್’. ಸ್ವಂತ ಯಂತ್ರಕ್ಕೇ ಬಿಲ್ಡ್ ಮಾಡುವಾಗ ಜಿಸಿಸಿ ತನ್ನನ್ನು ಮೂರು ಸಲ ಕಟ್ಟಿಕೊಳ್ಳುತ್ತದೆ: ವ್ಯವಸ್ಥೆಯ ಕಂಪೈಲರ್‌ನಿಂದ ಮೊದಲನೆಯದು, ಮೊದಲನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಕೊನೆಯ ಎರಡು ಹಂತಗಳ ಆಬ್ಜೆಕ್ಟ್‌ಗಳು ಹೊಂದಿಕೆಯಾಗಬೇಕು. ಆಗದಿದ್ದರೆ ವ್ಯವಸ್ಥೆಯ ಕಂಪೈಲರ್ ಮೊದಲ ಹಂತವನ್ನು ತಪ್ಪಾಗಿ ಕಂಪೈಲ್ ಮಾಡಿರಬಹುದು, ಕಂಪೈಲರ್‌ನೊಳಗೆ ಆರಂಭಿಕ ಮೌಲ್ಯವಿಲ್ಲದ ವೇರಿಯಬಲ್ ಇರಬಹುದು, ಅಥವಾ ದಿನಾಂಕ ಮತ್ತು ಸಮಯ ಆಬ್ಜೆಕ್ಟ್ ಒಳಗೆ ಸೇರುತ್ತಿರಬಹುದು. ಈ ಹೋಲಿಕೆಯನ್ನು ಬಿಟ್ಟು ಮುಂದೆ ಹೋಗುವ ದಾರಿಗಳಿವೆ, ದಯವಿಟ್ಟು ಹೋಗಬೇಡಿ. ಮೊದಲ ಹಂತದ ಆಯ್ಕೆಗಳು ‘ಸ್ಟೇಜ್1 ಸಿಫ್ಲ್ಯಾಗ್ಸ್’ನಲ್ಲೂ ಮುಂದಿನ ಎರಡರವು ‘ಬೂಟ್ ಸಿಫ್ಲ್ಯಾಗ್ಸ್’ನಲ್ಲೂ ಇರುತ್ತವೆ. ಮೊದಲನೆಯದರ ಆಪ್ಟಿಮೈಸೇಶನ್ ಇಳಿಸಿದಾಗ ಹೋಲಿಕೆ ಸರಿಹೋದರೆ ಅನುಮಾನ ವ್ಯವಸ್ಥೆಯ ಕಂಪೈಲರ್ ಕಡೆಗೆ ವಾಲುತ್ತದೆ.

ವಿಂಡೋಸ್ ಮತ್ತು ಸಮಾನಾಂತರ ಬಿಲ್ಡ್

ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದ ಮುಂದಿನ ‘:’ ಚಿಹ್ನೆಯನ್ನು ಕೆಲವು ಮೇಕ್‌ಗಳು ನಿಯಮದ ವಿಭಜಕವೆಂದು ಓದಿ ‘ಮಲ್ಟಿಪಲ್ ಟಾರ್ಗೆಟ್ ಪ್ಯಾಟರ್ನ್ಸ್’ ಎನ್ನುತ್ತವೆ. ಸಾಪೇಕ್ಷ ದಾರಿಗಳನ್ನು ಬಳಸಿದರೆ ಇದು ಬರುವುದಿಲ್ಲ. ಕಾನ್ಫಿಗರ್ ಸ್ಕ್ರಿಪ್ಟ್‌ನ ಸಾಲಿನ ಕೊನೆಗಳು ವಿಂಡೋಸ್ ಶೈಲಿಗೆ ಬದಲಾಗಿದ್ದರೆ ಶೆಲ್ ಮೊದಲ ಸಾಲಿನಲ್ಲೇ ಎಡವುತ್ತದೆ. ‘ಡಾಟ್ ಇಎಕ್ಸ್‌ಇ’ ಸಫಿಕ್ಸ್ ಅನ್ನು ನೇರವಾಗಿ ಬರೆಯದೆ ವೇರಿಯಬಲ್‌ನಲ್ಲಿಡಬೇಕು. ಅದೂ ಹೋಸ್ಟ್‌ಗೆ ಒಂದು, ಬಿಲ್ಡ್‌ಗೆ ಇನ್ನೊಂದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಜ್ಞೆಯ ಉದ್ದ 8191 ಅಕ್ಷರಗಳಿಗೆ ಸೀಮಿತವಾದ್ದರಿಂದ, ನೂರಾರು ಆಬ್ಜೆಕ್ಟ್‌ಗಳ ಲಿಂಕ್‌ಗೆ ಹೆಸರುಗಳ ಪಟ್ಟಿಯನ್ನು ಫೈಲ್‌ನಲ್ಲಿಟ್ಟು ‘@’ ಮೂಲಕ ಕೊಡಬೇಕಾಗುತ್ತದೆ.

‘-ಜೆ1’ರಲ್ಲಿ ಗೆದ್ದು ‘-ಜೆ8’ರಲ್ಲಿ ಆಗಾಗ ಸೋಲುವ ಬಿಲ್ಡ್‌ನಲ್ಲಿ ಅವಲಂಬನೆಯೊಂದು ಬರೆಯದೆ ಉಳಿದಿದೆ, ಹುಟ್ಟಿಸಿದ ಹೆಡರ್ ಫೈಲ್ ಸಿದ್ಧವಾಗುವ ಮೊದಲೇ ಅದನ್ನು ಬಳಸುವ ಫೈಲ್ ಕಂಪೈಲ್ ಆಗಹೊರಟಿದೆ. ಗ್ನೂ ಮೇಕ್ 4.4ರಲ್ಲಿ ಬಂದ ‘--ಷಫಲ್’ ಕೆಲಸಗಳ ಕ್ರಮವನ್ನು ಕಲಸಿ ಇಂಥ ಕೊರತೆಯನ್ನು ಬೇಗ ಹೊರಗೆಳೆಯುತ್ತದೆ. ‘ಕಿಲ್ಡ್’ ಎಂಬ ಪದದೊಂದಿಗೆ ಕಂಪೈಲರ್ ಸತ್ತರೆ ಮಾತ್ರ ಬೇರೆ ಕಥೆ: ಸಾಮಾನ್ಯವಾಗಿ ಮೆಮೊರಿ ಸಾಲದಾಗಿರುತ್ತದೆ, ‘-ಜೆ’ ಸಂಖ್ಯೆ ಇಳಿಸಬೇಕು.

ಬಿಲ್ಡ್ ಮುಗಿದ ಮೇಲೆ ಸಿದ್ಧವಾದ ಕಂಪೈಲರ್ ಮೇಲೆ ‘ಫೈಲ್’ ಆಜ್ಞೆ ನಡೆಸಿ ಅದು ಹೋಸ್ಟ್‌ಗೆ ಸೇರಿದ್ದೇ ಎಂದು ನೋಡಿ. ಅದರಿಂದ ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ, ಬಂದ ಫೈಲ್ ಟಾರ್ಗೆಟ್‌ಗೆ ಸೇರಿದ್ದೇ ಎಂದು ಅದೇ ಆಜ್ಞೆಯಿಂದ ನೋಡಿ. ಬಳಿಕ ಆ ಫೈಲನ್ನು ಟಾರ್ಗೆಟ್ ಯಂತ್ರಕ್ಕೇ ಒಯ್ದು ಓಡಿಸಿ.